ಮಾಸ್ತರರ ಅರ್ಧ ಪಗಾರ

ಗುಡಿ ಕಟ್ಟಿಸಿದವರ ಹೆಸರು ನಮ್ಮ ನಾಡಿನಲ್ಲಿ ಕಲ್ಲಿನ ಮೇಲೆ ಉಳಿದಿದೆ. ಕೆರೆ ಕಟ್ಟಿಸಿದವರ, ಹೊಲಗದ್ದೆ ದತ್ತಿ ಬಿಟ್ಟವರ ಹೆಸರುಗಳೂ ಶಾಸನಗಳಲ್ಲಿ ಉಳಿದಿವೆ. ಆದರೆ ಊರಿನ ಸಾಲಿಯನ್ನು ಮೊದಮೊದಲು ನಡೆಸಿದ ತಂದೆತಾಯಿಗಳ ಹೆಸರನ್ನು ಎಲ್ಲಿ ಹುಡುಕಬೇಕು? ಗುಡಿಯ ಪೌಳಿಯಲ್ಲಿಯೋ ಗೌಡರ ಪಡಸಾಲೆಯಲ್ಲಿಯೋ ಹತ್ತೆಂಟು ಮಕ್ಕಳನ್ನು ಕೂಡಿಸಿ, ಐಗಳನ್ನು ಕರೆತಂದು, ಸುಗ್ಗಿಯಲ್ಲಿ ಅವರಿಗೆ ಕಾಳು ಅಳೆದುಕೊಟ್ಟು, ಮರಳಿನ ಮೇಲೆ ಬೆರಳಾಡಿಸಿ ಓಂ ನಾಮ ತಿದ್ದಿಸಿದವರು ಅವರು. ಅವರಿಗೆ ಯಾವ ಶಾಸನವೂ ಇಲ್ಲ. ಅವರ ಕೆಲಸದ ಗುರುತು ಸರಕಾರದ ಹಳೆಯ ಕಡತಗಳಲ್ಲಿ ಮಾತ್ರ, ಅದೂ ಒಂದು ಲೆಕ್ಕದ ರೂಪದಲ್ಲಿ ಉಳಿದಿದೆ. ಆ ಲೆಕ್ಕವೇ ಈ ಲೇಖನದ ವಿಷಯ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವು 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ತಾಲೂಕುಗಳು. ಹಾನಗಲ್ಲ ಮಲೆನಾಡಿನ ಸೆರಗನ್ನು ಹಿಡಿದು ನಿಂತಿದೆ. ಧರ್ಮಾ ನದಿಯ ಕಾಲುವೆ ಅಲ್ಲಿ ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಸವಣೂರಿನ ವೀಳ್ಯದೆಲೆಯ ಕೀರ್ತಿ ದೂರದವರೆಗೂ ಹಬ್ಬಿದೆ. ಹಿರೇಕೆರೂರು ಕುಮುದ್ವತಿಯ ಸೀಮೆ. ಈ ತಾಲೂಕುಗಳ ಹಳ್ಳಿಗಳಲ್ಲಿ ಮುಂಜಾನೆ ಕಾಣುವ ಒಂದು ನೋಟ ಈಗ ಎಲ್ಲೆಡೆಯೂ ಸಾಮಾನ್ಯವಾಗಿದೆ. ಊರಿನ ಸರಕಾರಿ ಶಾಲೆಯ ಮುಂದಿನಿಂದಲೇ ಹಳದಿ ಬಣ್ಣದ ವಾಹನಗಳು ಮಕ್ಕಳನ್ನು ತುಂಬಿಕೊಂಡು ಪೇಟೆಯ ಕಡೆಗೆ ಹೋಗುತ್ತವೆ. ಅನುಕೂಲವಿದ್ದವರ ಮಕ್ಕಳು ಅದರಲ್ಲಿ ಹೋಗುತ್ತಾರೆ. ಉಳಿದವರ ಮಕ್ಕಳು ಊರ ಶಾಲೆಗೆ ನಡೆಯುತ್ತಾರೆ. ವಾಹನದ ಬಾಡಿಗೆ, ಶಾಲೆಯ ಫೀ ಎರಡೂ ಏರಿದಾಗ ಕಟ್ಟೆಯ ಮೇಲೆ ಕುಳಿತ ನಾಲ್ವರು ತಂದೆಯರ ನಡುವೆ ಒಂದು ಮಾತು ಹುಟ್ಟುತ್ತದೆ: “ನಾವೇ ಕೂಡಿ ಒಂದು ಸಾಲಿ ಯಾಕ ತೆಗೀಬಾರದು?”

ಈ ಮಾತು ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ಒಂದೂವರೆ ಶತಮಾನಕ್ಕೂ ಹಿಂದೆ ಇದೇ ನೆಲದಲ್ಲಿ ಈ ಪ್ರಯೋಗ ನಡೆದಿದೆ. ಅದರಿಂದ ಆದ ಹಿತವೂ ಅಹಿತವೂ ದಾಖಲೆಯಲ್ಲಿವೆ. ಹೊಸ ಶಾಲೆ ಕಟ್ಟಹೊರಟ ತಂದೆತಾಯಿಗಳು ಅವೆರಡನ್ನೂ ತಿಳಿದುಕೊಳ್ಳುವುದು ಒಳಿತು.

ವಿದ್ಯೆಗೆ ಈ ಸೀಮೆ ಎಂದೂ ಅಪರಿಚಿತವಾಗಿರಲಿಲ್ಲ. ಶಿಗ್ಗಾಂವಿ ತಾಲೂಕಿನ ಬಂಕಾಪುರ ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರ ನೆಲೆಯಾಗಿತ್ತು. ಚಾವುಂಡರಾಯನೂ ಕವಿ ರನ್ನನೂ ಆ ಗುರುವಿನ ಶಿಷ್ಯರು. ಆದರೆ ಆ ವಿದ್ಯೆಗೆ ಅರಸರ, ಮಂಡಲಿಕರ ಆಶ್ರಯವಿತ್ತು. ಒಕ್ಕಲಿಗನ ಮಗ ಲೆಕ್ಕಪತ್ರ ಓದಬೇಕಾದರೆ ಅವನಿಗೆ ಐಗಳ ಮಠವೇ ಗತಿ; ಅದಕ್ಕೆ ಹೆತ್ತವರ ಕಾಳುಕಡಿಯೇ ಆಧಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಆಡಳಿತದಡಿಯಲ್ಲಿ ಧಾರವಾಡ ಜಿಲ್ಲೆ ಬಂದ ಮೇಲೆ ಸರಕಾರಿ ಶಾಲೆಗಳು ಒಂದೊಂದಾಗಿ ಹುಟ್ಟಿಕೊಂಡವು. ಅಂದಿನ ಹಳ್ಳಿಯ ಕನ್ನಡ ಮಾಸ್ತರರಲ್ಲಿ ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರೂ ಒಬ್ಬರು. ತತ್ತ್ವಪದಗಳಿಂದ ನಾಡಿಗೆ ಪರಿಚಿತರಾದ ಆ ಸಂತರು ಕೆಲಕಾಲ ಸುತ್ತಣ ಹಳ್ಳಿಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವರೆಂಬುದು ಅನೇಕರಿಗೆ ನೆನಪಿರಲಾರದು.

ಹಳ್ಳಿಗೊಂದು ಶಾಲೆ ತೆರೆಯಲು ಸರಕಾರದ ಬಳಿ ಹಣವಿರಲಿಲ್ಲ; ಇದ್ದರೂ ಕೊಡುವ ಮನಸ್ಸಿರಲಿಲ್ಲ. ಅದಕ್ಕಾಗಿ 1850ರ ದಶಕದಲ್ಲಿ ಮುಂಬಯಿ ಇಲಾಖೆಯಲ್ಲಿ ಒಂದು ಏರ್ಪಾಡನ್ನು ಜಾರಿಗೆ ತಂದರು. ಊರವರು ಶಾಲೆಗೆ ಸ್ಥಳವನ್ನು ಒದಗಿಸಬೇಕು, ಪುಸ್ತಕಗಳ ಖರ್ಚನ್ನು ಹೊರಬೇಕು, ಮಾಸ್ತರರ ಪಗಾರದಲ್ಲಿ ಅರ್ಧವನ್ನು ಕೊಡಬೇಕು. ಹಾಗಾದರೆ ಉಳಿದರ್ಧವನ್ನು ಸರಕಾರ ಕೊಡುವುದು. ಅರ್ಧ ಸ್ವಾವಲಂಬಿ ಶಾಲೆಗಳೆಂದು ಅವುಗಳನ್ನು ಕರೆಯಬಹುದು. ತಂದೆತಾಯಿಗಳು ಕೂಡಿ ಶಾಲೆ ತೆಗೆಯುವ ಕಾರ್ಯಕ್ಕೆ ಸರಕಾರ ಬರಹದಲ್ಲಿ ಒಪ್ಪಿಗೆಯಿತ್ತ ಮೊದಲ ಏರ್ಪಾಡುಗಳಲ್ಲಿ ಇದೂ ಒಂದು.

ಇದರ ಗುಣವನ್ನು ಮೊದಲು ಹೇಳಬೇಕು. ಅರ್ಧ ಪಗಾರ ಕೊಡುವ ಊರು ಮಾಸ್ತರರ ಮೇಲೆ ಕಣ್ಣಿಡುತ್ತದೆ. ಮಾಸ್ತರರು ಬಂದರೋ ಇಲ್ಲವೋ, ಮಗ್ಗಿ ಒಪ್ಪಿಸಿಕೊಂಡರೋ ಇಲ್ಲವೋ, ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆಯೋ ಹೇಗೆ, ಇದೆಲ್ಲ ಊರಿನ ವಿಚಾರವಾಗುತ್ತದೆ. ಶಾಲೆ ನಡೆಯದಿದ್ದರೆ ನಷ್ಟ ತಮ್ಮದೇ ಎಂಬ ಅರಿವು ಕೊಟ್ಟವನಿಗೆ ಸಹಜವಾಗಿಯೇ ಇರುತ್ತದೆ. ಕೊಡುವ ಕೈಗೆ ಕೇಳುವ ಬಾಯಿಯೂ ಬರುತ್ತದೆ.

ಆದರೆ ಆ ಬಾಯಿ ಏನನ್ನು ಕೇಳಿತು ಎಂಬುದನ್ನೂ ನೋಡಬೇಕು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮಹಾರ ಸಮುದಾಯದ ಒಬ್ಬ ಬಾಲಕ ಮುಂಬಯಿ ಸರಕಾರಕ್ಕೆ ಅರ್ಜಿ ಮಾಡಿಕೊಂಡನು. ಅವನನ್ನು ಸೇರಿಸಿಕೊಂಡರೆ ಉಳಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುವರು, ಶಾಲೆಯೇ ನಿಷ್ಪ್ರಯೋಜಕವಾದೀತು ಎಂಬ ಕಾರಣವನ್ನು ಮುಂದೆಮಾಡಿ ಸರಕಾರ ಅವನಿಗೆ ಪ್ರವೇಶ ಕೊಡಲಿಲ್ಲ. ಒಬ್ಬ ಹುಡುಗನ ಅರ್ಜಿ ಧಾರವಾಡದಿಂದ ಮುಂಬಯಿಗೆ, ಮುಂಬಯಿಯಿಂದ ಕಲಕತ್ತೆಗೆ, ಅಲ್ಲಿಂದ ಲಂಡನ್ನಿನ ಕಂಪನಿಯ ನಿರ್ದೇಶಕರವರೆಗೆ ಹೋಯಿತು. ಕೊನೆಗೆ 1858ರ ಹೊತ್ತಿಗೆ ಒಂದು ನಿಯಮ ಹೊರಬಿದ್ದಿತು. ಸಂಪೂರ್ಣವಾಗಿ ಸರಕಾರದ ವೆಚ್ಚದಲ್ಲಿ ನಡೆಯುವ ಶಾಲೆಗಳು ಭೇದವಿಲ್ಲದೆ ಎಲ್ಲ ಪ್ರಜೆಗಳಿಗೂ ತೆರೆದಿರಬೇಕು. ಆದರೆ ಊರವರು ವೆಚ್ಚದ ಪಾಲು ಹೊತ್ತಿರುವ ಶಾಲೆಗಳಲ್ಲಿ, ಅವರು ಒಪ್ಪದಿದ್ದರೆ, ಕೆಳಜಾತಿಯೆನಿಸಿದವರ ಮಕ್ಕಳನ್ನು ಸೇರಿಸುವ ಉದ್ದೇಶ ಸರಕಾರಕ್ಕಿಲ್ಲ. ಹಾಗೆ ಹೊರಗಿಡುವ ಶಾಲೆಗೆ ತನ್ನ ನೆರವನ್ನು ನಿಲ್ಲಿಸುವ ಹಕ್ಕನ್ನು ಮಾತ್ರ ಅದು ಕಾಯ್ದಿರಿಸಿಕೊಂಡಿತು. ಡಾ. ಬಿ. ಆರ್. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದಿಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ.

ಓದುಗರು ಇಲ್ಲಿ ಒಂದು ಕ್ಷಣ ನಿಂತು ವಿಚಾರಿಸಬೇಕು. ಮಾಸ್ತರರ ಅರ್ಧ ಪಗಾರ ಕೊಟ್ಟ ತಂದೆತಾಯಿಗಳು ತಮ್ಮ ಮಕ್ಕಳ ಪಾಲಿಗೆ ಬಾಗಿಲನ್ನು ತೆರೆದರು. ಅದೇ ಹಣದ ಬಲದಿಂದ ನೆರೆಯವನ ಮಗುವಿನ ಪಾಲಿಗೆ ಆ ಬಾಗಿಲನ್ನು ಮುಚ್ಚಿದರು. ಮುಚ್ಚಿದ ಬಾಗಿಲನ್ನು ತೆಗೆಯಿಸುವ ಶಕ್ತಿ ಇದ್ದುದು ಸರಕಾರ ಕೊಡುತ್ತಿದ್ದ ಇನ್ನರ್ಧದಲ್ಲಿ. ಅರ್ಜಿ ಹಾಕಿದ ಆ ಬಾಲಕನ ತಂದೆತಾಯಿಗಳೂ ತಂದೆತಾಯಿಗಳೇ ಆಗಿದ್ದರು. ಆದರೆ ಶಾಲೆ ಕಟ್ಟಿದವರ ಲೆಕ್ಕದಲ್ಲಿ ಅವರು ಸೇರಿರಲಿಲ್ಲ. ‘ಪಾಲಕರು ಕೂಡಿ ಕಟ್ಟಿದ ಶಾಲೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಯಾವ ಪಾಲಕರು ಎಂದು ಕೇಳಿಕೊಳ್ಳುವುದನ್ನು ಈ ಪ್ರಕರಣ ನಮಗೆ ಕಲಿಸುತ್ತದೆ.

ಊರವರ ಚಂದಾದ ಮೇಲೆ ನಿಂತ ಆ ಏರ್ಪಾಡು ಬಹುಕಾಲ ಬಾಳಲಿಲ್ಲ. 1859ರಲ್ಲಿ ಇಂಗ್ಲೆಂಡಿನಿಂದ ಬಂದ ಸ್ಟ್ಯಾನ್ಲೆಯ ಆಜ್ಞಾಪತ್ರ ಪ್ರಾಥಮಿಕ ಶಿಕ್ಷಣಕ್ಕಾಗಿ ಭೂಮಿಯ ಮೇಲೆ ಕರ ಹಾಕಬಹುದೆಂದು ಸೂಚಿಸಿತು. 1860ರ ದಶಕದಲ್ಲಿ ಮುಂಬಯಿ ಇಲಾಖೆಯಲ್ಲಿ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಾನಿಕ ಕರ ಬಂದಿತು; ಅದರಲ್ಲಿ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ. 1200 ರೂಪಾಯಿ ಕಂದಾಯ ಕಟ್ಟುವ ಹಳ್ಳಿಯಿಂದ 75 ರೂಪಾಯಿ ಕರ ಹುಟ್ಟಿದರೆ ಅದರಲ್ಲಿ 25 ರೂಪಾಯಿ ಶಾಲೆಗಳ ಪಾಲು ಎಂದಾಯಿತು. ಈಗಿನ ಹಿರೇಕೆರೂರು ಆಗ ಕೋಡ ತಾಲೂಕಿನ ಮುಖ್ಯಸ್ಥಳ, ಶಿಗ್ಗಾಂವಿ ಬಂಕಾಪುರ ತಾಲೂಕಿನದು. ಹಾನಗಲ್ಲ ತನ್ನ ಹೆಸರಿನಲ್ಲಿಯೇ ತಾಲೂಕಾಗಿತ್ತು. ಈ ಮೂರೂ ತಾಲೂಕುಗಳ ರೈತರು ಮಗ ಶಾಲೆಗೆ ಹೋಗಲಿ ಬಿಡಲಿ ಕರವನ್ನಂತೂ ಕಟ್ಟಿದರು. ಚಂದಾ ಹೋಗಿ ಕರ ಬಂದುದರಿಂದ ಶಾಲೆಗೆ ಸ್ಥಿರತೆ ಬಂದಿತು. ಆದರೆ ಮಾಸ್ತರರ ಪಗಾರ ತಮ್ಮ ಹೊಲದಿಂದಲೇ ಹೋಗುತ್ತಿದೆ ಎಂಬ ಅರಿವು ನಿಧಾನವಾಗಿ ಕರಗಿತು. ಶಾಲೆಗೆ ‘ಸರಕಾರಿ ಸಾಲಿ’ ಎಂಬ ಹೆಸರು ಅಂಟಿಕೊಂಡಿತು. ಮುಂದೆ ಜಿಲ್ಲಾ ಸ್ಕೂಲ್ ಬೋರ್ಡು ಬಂದಿತು. 1956ರಲ್ಲಿ ರಾಜ್ಯ ಒಂದುಗೂಡಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯದೆ ಬಂದಿತು. ಪ್ರತಿ ಹೆಜ್ಜೆಗೂ ಬಾಗಿಲು ಇನ್ನಷ್ಟು ಅಗಲವಾಯಿತು. ಪ್ರತಿ ಹೆಜ್ಜೆಗೂ ಊರು ಬಾಗಿಲಿನಿಂದ ಇನ್ನಷ್ಟು ದೂರ ಸರಿಯಿತು.

ಸವಣೂರಿನ ಕಥೆ ಬೇರೆ. 1948ರವರೆಗೆ ಅದು ನವಾಬರ ಸಂಸ್ಥಾನ. ಕೊನೆಯ ನವಾಬ ಅಬ್ದುಲ್ ಮಜೀದ್ ಖಾನರ ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದ ಮಜೀದ್ ಹೈಸ್ಕೂಲಿನಲ್ಲಿ, 1909ರಲ್ಲಿ ಆ ಊರಿನಲ್ಲಿಯೇ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಓದಿದರು. ಸಂಸ್ಥಾನದ ಪುಟ್ಟ ರಾಜಧಾನಿಯೊಂದರ ಹೈಸ್ಕೂಲು ಕನ್ನಡಕ್ಕೆ ಒಬ್ಬ ಜ್ಞಾನಪೀಠ ಪುರಸ್ಕೃತರನ್ನು ಕೊಟ್ಟಿತು.

ಹಾನಗಲ್ಲಿನಲ್ಲಿ ಕೆಲಸ ಮತ್ತೊಂದು ಬಗೆಯಿಂದ ನಡೆಯಿತು. ಅಲ್ಲಿಯ ವಿರಕ್ತಮಠದ ಕುಮಾರಸ್ವಾಮಿಗಳು (1867–1930) ಜೋಳಿಗೆ ಹಿಡಿದು ನಾಡನ್ನು ಸುತ್ತಿ 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಕಂಠವನ್ನು ಕೇಳಿ, ಅವನ ಸಂಗೀತ ಶಿಕ್ಷಣದ ಭಾರವನ್ನು ಅವರೇ ಹೊತ್ತರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವನ್ನೂ ಸಂಗೀತವನ್ನೂ ಉಣಿಸಲು ಅವರು ನಾಟಕ ಕಂಪನಿಯನ್ನು ಸಹ ನಡೆಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರವನ್ನು ಹೊತ್ತರು. ಕುರುಡು ಮಗುವನ್ನು ಏನು ಮಾಡಬೇಕೆಂದು ತಿಳಿಯದ ಬಡ ತಂದೆತಾಯಿಗಳ ಪರವಾಗಿ ನಾಡಿನ ಜನ ಜೋಳಿಗೆಗೆ ಹಾಕಿದ ಕಾಳಿನಿಂದ ಆ ಶಾಲೆ ನಡೆಯಿತು. ಹಾಕಿದವರ ಮಕ್ಕಳು ಅಲ್ಲಿ ಓದುತ್ತಿರಲಿಲ್ಲ. ಅರ್ಧ ಪಗಾರದ ಶಾಲೆಗೂ ಇದಕ್ಕೂ ಇರುವ ಅಂತರ ಇದೇ.

ತಮ್ಮ ಮಕ್ಕಳಿಗಾಗಿಯೇ ಹೊರಟು ಪರರ ಮಕ್ಕಳವರೆಗೆ ಮುಟ್ಟಿದ ತಂದೆತಾಯಿಗಳೂ ನಮ್ಮಲ್ಲಿ ಇಲ್ಲದಿಲ್ಲ. ಮೈಸೂರಿನಲ್ಲಿ ಕಿವುಡು ಮಕ್ಕಳ ಪಾಲಕರೇ ಸಂಘ ಕಟ್ಟಿಕೊಂಡು ಶಾಲೆ ನಡೆಸಿದ್ದಾರೆ. ಆ ಶಾಲೆಯ ವಿಶೇಷವೆಂದರೆ ಮಗುವಿನ ಸಂಗಡ ತಾಯಿಯೂ ತರಗತಿಗೆ ಬರಬೇಕು. ಮಾತು ಕಲಿಸುವ ಬಗೆಯನ್ನು ಆಕೆಯೂ ಕಲಿಯಬೇಕು. ಪಾಲಕರು ಹಣ ಕೊಟ್ಟು ಕೈತೊಳೆದುಕೊಳ್ಳುವ ರೂಢಿಗೆ ಇದು ನೇರ ವಿರುದ್ಧವಾದುದು.

ಹೊರಗಿನ ಜಗತ್ತಿನ ಒಂದು ನಿದರ್ಶನವನ್ನೂ ಇಲ್ಲಿ ಹೇಳದೆ ಇರಲಾಗದು. 1945ರಲ್ಲಿ ಎರಡನೆಯ ಮಹಾಯುದ್ಧ ಇಟಲಿಯಲ್ಲಿ ಮುಗಿದ ಕೆಲವೇ ದಿನಗಳಲ್ಲಿ, ರೆಜ್ಜೊ ಎಮಿಲಿಯ ಪಟ್ಟಣದ ಬಳಿಯ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ ಜರ್ಮನ್ ಸೈನ್ಯ ಬಿಟ್ಟುಹೋದ ಒಂದು ಟ್ಯಾಂಕನ್ನೂ ಕೆಲವು ಲಾರಿ, ಕುದುರೆಗಳನ್ನೂ ಮಾರಿ ಎಳೆಯ ಮಕ್ಕಳಿಗೆ ಶಾಲೆ ಕಟ್ಟತೊಡಗಿದರು. ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆಯನ್ನು ಆರಿಸಿ ತಂದರು. ನದಿಯ ಮರಳನ್ನು ಹೊತ್ತರು. ದುಡಿಮೆ ಮುಗಿದ ಮೇಲೆ ರಾತ್ರಿಯಲ್ಲಿ, ಭಾನುವಾರಗಳಲ್ಲಿ ಗೋಡೆ ಎಬ್ಬಿಸಿದರು. ಸುದ್ದಿ ಕೇಳಿ ಸೈಕಲ್ಲು ತುಳಿದುಕೊಂಡು ನೋಡಲು ಬಂದ ತರುಣ ಶಿಕ್ಷಕ ಲೋರಿಸ್ ಮಲಗುಜ್ಜಿ ತನ್ನ ಬಾಳನ್ನೇ ಆ ಕೆಲಸಕ್ಕೆ ಕೊಟ್ಟನು. ಮುಂದೆ 1967ರಲ್ಲಿ ಆ ಸೀಮೆಯ ಪಾಲಕರ ಶಾಲೆಗಳು ನಗರಸಭೆಯ ಆಡಳಿತಕ್ಕೆ ಸೇರಿದವು. ಆದರೂ ಪಾಲಕರು ಮನೆಗೆ ಮರಳಲಿಲ್ಲ. ಶಾಲೆಯ ವಿಚಾರದಲ್ಲಿ ಅವರ ಮಾತಿಗೆ ಸ್ಥಾನ ಉಳಿಯಿತು. ಖರ್ಚು ಸಾರ್ವಜನಿಕರದಾಯಿತು, ಬಾಗಿಲು ಎಲ್ಲರದಾಯಿತು, ಕಾಳಜಿ ಮಾತ್ರ ಹೆತ್ತವರದಾಗಿಯೇ ಇದ್ದಿತು. ಧಾರವಾಡ ಜಿಲ್ಲೆಯಲ್ಲಿ ಚಂದಾ ಹೋಗಿ ಕರ ಬಂದಾಗ ಕಳೆದುಹೋದದ್ದು ಈ ಮೂರನೆಯದು.

ಇನ್ನು ಇಂದಿನ ಮಾತಿಗೆ ಬರೋಣ. ಕಟ್ಟೆಯ ಮೇಲಿನ ನಾಲ್ವರು ತಂದೆಯರು ನಿಜವಾಗಿಯೂ ಶಾಲೆ ತೆಗೆಯಹೊರಟರೆ ಅವರ ಮುಂದೆ ದೀರ್ಘವಾದ ದಾರಿಯಿದೆ. ಮೊದಲು ಸಂಘವನ್ನೋ ಟ್ರಸ್ಟನ್ನೋ ನೋಂದಾಯಿಸಬೇಕು. 1983ರ ಕರ್ನಾಟಕ ಶಿಕ್ಷಣ ಕಾಯದೆಯಂತೆ ಶಾಲೆಯ ನೋಂದಣಿಯಾಗಬೇಕು. 2009ರ ಶಿಕ್ಷಣ ಹಕ್ಕಿನ ಕಾಯದೆಯಂತೆ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೂ ಇಬ್ಬರು ಶಿಕ್ಷಕರು, ಪ್ರತಿ ಶಿಕ್ಷಕರಿಗೆ ಒಂದೊಂದು ಕೊಠಡಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಗ್ರಂಥಾಲಯ ಇವೆಲ್ಲ ಬೇಕು. ವರ್ಷಕ್ಕೆ 200 ದಿನಗಳ ಪಾಠ ನಡೆಯಬೇಕು. ಇದಾವುದೂ ಅತಿಯಾದ ಬೇಡಿಕೆಯಲ್ಲ. ಆದರೆ ಇಷ್ಟನ್ನು ಒದಗಿಸಿ ಶಿಕ್ಷಕರಿಗೆ ನ್ಯಾಯವಾದ ಪಗಾರ ಕೊಡುವ ಹೊತ್ತಿಗೆ ಫೀ ಏರಿರುತ್ತದೆ. ಫೀ ಏರಿದೊಡನೆ 1856ರ ಬಾಗಿಲು ಮತ್ತೆ ಮುಚ್ಚತೊಡಗುತ್ತದೆ. ಈ ಸಲ ಜಾತಿಯ ಹೆಸರು ಹೇಳದೆಯೇ ಮುಚ್ಚುತ್ತದೆ. ಬಡ ಮಕ್ಕಳಿಗಾಗಿ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಕಾಯದೆ ಇರಿಸಿತ್ತು. 2019ರಲ್ಲಿ ನಮ್ಮ ರಾಜ್ಯದ ನಿಯಮವನ್ನು ತಿದ್ದಿದ ಮೇಲೆ, ನೆರೆಯಲ್ಲಿ ಸರಕಾರಿ ಇಲ್ಲವೆ ಅನುದಾನಿತ ಶಾಲೆ ಇರುವ ಕಡೆಗಳಲ್ಲಿ ಆ ಸ್ಥಾನಗಳು ಇಲ್ಲವಾದವು.

ಭಾಷೆಯ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಬೇಕು. ಸವಣೂರಿನಲ್ಲಿ ಓದಿದ ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ತನ್ನ ವರದಿಯನ್ನು ಒಪ್ಪಿಸಿ ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದಿತು. ಮರುವರ್ಷ ಅದಕ್ಕಾಗಿ ನಾಡೆಲ್ಲ ಬೀದಿಗಿಳಿಯಿತು. ಮುಂದೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ತಂದೆತಾಯಿಗಳದು ಎಂದು ತೀರ್ಪು ಕೊಟ್ಟಿತು. ಹಕ್ಕು ಬಂದೊಡನೆ ಹೊಣೆಯೂ ಬಂದಿತಷ್ಟೆ. ಧಾರವಾಡದಲ್ಲಿ ವೈದ್ಯ ಸಂಜೀವ ಕುಲಕರ್ಣಿಯವರು ಸಮಾನಮನಸ್ಕರೊಡನೆ ಕಟ್ಟಿದ ‘ಬಾಲಬಳಗ’, ಅನುಕೂಲಸ್ಥ ಪಾಲಕರೂ ಕನ್ನಡ ಮಾಧ್ಯಮವನ್ನು ಬೇಕೆಂದು ಆರಿಸಬಲ್ಲರೆಂಬುದನ್ನು ತೋರಿಸಿತು. ಕನ್ನಡ ಶಾಲೆ ಬಡವರ ಪಾಲಿನ ಶಾಲೆಯೆಂಬ ಭಾವನೆ ಹೋಗಬೇಕಾದರೆ ಇಂಥ ಆಯ್ಕೆಗಳು ಹಳ್ಳಿಗಳಲ್ಲಿಯೂ ಆಗಬೇಕು.

ಹಾಗಾದರೆ ಆ ನಾಲ್ವರಿಗೆ ಏನು ಹೇಳೋಣ? ನೆರೆಯಲ್ಲಿ ಶಾಲೆಯೇ ಇಲ್ಲದ ಕಡೆ, ಇರುವ ಶಾಲೆಯಲ್ಲಿ ಕಲಿಯಲಾಗದ ಅಂಗವಿಕಲ ಮಕ್ಕಳಿರುವ ಕಡೆ, ಹೊಸ ಶಾಲೆಯ ಅವಶ್ಯಕತೆ ಇದೆ. ಅಲ್ಲಿ ಅವರು ಧೈರ್ಯದಿಂದ ಮುಂದೆ ಬರಲಿ. ಆದರೆ ಊರಿನಲ್ಲಿ ಕಟ್ಟಡವಿದೆ, ಶಿಕ್ಷಕರಿದ್ದಾರೆ, ಮಕ್ಕಳ ಸಂಖ್ಯೆಯೊಂದೇ ಇಳಿಯುತ್ತಿದೆ ಎಂಬ ಕಡೆ ಅವರು ಹೊಸದಾಗಿ ಸ್ಥಾಪಿಸಬೇಕಾದ ಶಾಲೆ ಕಣ್ಣೆದುರಿಗೇ ಇದೆ. ಅದಕ್ಕೆ ಬೇಕಾದ ಸಾಧನವನ್ನೂ ಕಾಯದೆ ಅವರ ಕೈಗೆ ಕೊಟ್ಟಿದೆ. ಕರ್ನಾಟಕದಲ್ಲಿ 2001ರಲ್ಲಿಯೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. 2009ರ ಕಾಯದೆಯ 21ನೆಯ ಕಲಮಿನಂತೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಹಿಂದುಳಿದ ಮಕ್ಕಳ ಪಾಲಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಶಾಲೆಯ ಕೆಲಸವನ್ನು ನೋಡುವ, ಅಭಿವೃದ್ಧಿಯ ಯೋಜನೆಯನ್ನು ಬರೆಯುವ, ಬಂದ ಹಣದ ಬಳಕೆಯನ್ನು ಪರೀಕ್ಷಿಸುವ ಅಧಿಕಾರ ಈ ಸಮಿತಿಗಿದೆ. 1850ರ ದಶಕದ ಊರವರು ಅರ್ಧ ಪಗಾರ ಕೊಟ್ಟು ಪಡೆದ ಕೇಳುವ ಹಕ್ಕನ್ನು ಇಂದಿನ ಪಾಲಕರು ಕಾಸು ಕೊಡದೆಯೇ ಪಡೆದಿದ್ದಾರೆ. ಧಾರವಾಡದ ಆ ಬಾಲಕನ ತಂದೆತಾಯಿಗಳಂಥವರೂ ಈಗ ಅದೇ ಜಮಖಾನೆಯ ಮೇಲೆ ಕೂಡ್ರುತ್ತಾರೆ.

ಆದರೆ ಸಮಿತಿಯ ಹೆಸರುಗಳು ಪುಸ್ತಕದಲ್ಲಿದ್ದು ಸಭೆಯಲ್ಲಿ ಜನವಿಲ್ಲದಿದ್ದರೆ ಕಾಯದೆ ಏನು ಮಾಡೀತು? ಕೂಲಿ ಬಿಟ್ಟು ಸಭೆಗೆ ಬರುವ ತಾಯಿಗೆ ಅಂದಿನ ದುಡಿಮೆ ಹೋಗುತ್ತದೆ; ಆದ್ದರಿಂದ ಸಭೆ ಸಂಜೆಯೋ ಅಮವಾಸ್ಯೆಯ ಬಿಡುವಿನಲ್ಲಿಯೋ ನಡೆಯಬೇಕು. ಬಂದವಳಿಗೆ ಲೆಕ್ಕವನ್ನು ಓದಿ ಹೇಳಬೇಕು, ಹೆಬ್ಬೆಟ್ಟು ಒತ್ತಿಸಿ ಕಳಿಸಿದರೆ ಸಾಲದು. ಪೇಟೆಗೆ ಮಗುವನ್ನು ಕಳಿಸುವವರೂ ಊರ ಶಾಲೆಯ ವಿಚಾರಕ್ಕೆ ಬರುವಂತಾಗಬೇಕು; ಅವರಲ್ಲಿ ಓದು ಬಲ್ಲವರಿದ್ದಾರೆ, ಕಚೇರಿಯ ದಾರಿ ಬಲ್ಲವರಿದ್ದಾರೆ. ಅವರ ಪೈಕಿ ಇಬ್ಬರು ತಮ್ಮ ಮಕ್ಕಳನ್ನು ಊರ ಶಾಲೆಗೇ ಸೇರಿಸಿದರೆಂದರೆ ಉಳಿದ ಕೆಲಸ ಅರ್ಧ ಮುಗಿದಂತೆ.

ಮಾಸ್ತರರ ಪಗಾರವನ್ನು ಈಗ ಪೂರ್ತಿಯಾಗಿ ಸರಕಾರವೇ ಕೊಡುತ್ತದೆ, ಕೊಡಬೇಕಾದುದೂ ನ್ಯಾಯವೇ. ಅದು ನಮ್ಮೆಲ್ಲರ ಕರದ ಹಣವಾದುದರಿಂದ ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಊರಿನ ಪಾಲಿಗೆ ಉಳಿದಿರುವುದು ತಿಂಗಳಿಗೊಂದು ಸಂಜೆ ಬಂದು ಕೂಡ್ರುವುದು, ನೆರೆಯವನ ಮಗು ಏನು ಓದಿತೆಂದು ಕೇಳುವುದು. ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಮುಂದಿನ ಸಭೆಯ ದಿನವನ್ನು ಶಾಲೆಯ ಹಲಗೆಯ ಮೇಲೆ ಬರೆದಿರುತ್ತಾರೆ. ಅಂದು ಎಷ್ಟು ಜನ ಬರುವರೆಂಬುದರ ಮೇಲೆ ಆ ಶಾಲೆಯ ಮುಂದಿನ ವರ್ಷದ ಹಾಜರಿ ಪಟ್ಟಿ ನಿಂತಿದೆ.